ಮುಖ್ಯೋಪಾಧ್ಯಾಯರ ನಡೆ, ಸಹೋಪಾಧ್ಯಾಯರ ದುಡಿಮೆ

ಶಾಲೆಯ ಕಟ್ಟಡಕ್ಕೆ ದಾನವಿತ್ತವರ ಹೆಸರು ಶಿಲಾಫಲಕದ ಮೇಲಿರುತ್ತದೆ. ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದ ವಿದ್ಯಾರ್ಥಿಗಳ ಭಾವಚಿತ್ರ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಗುತ್ತದೆ. ದಾನಿಯ ಸಂಕಲ್ಪವನ್ನು ವಿದ್ಯಾರ್ಥಿಯ ಬುದ್ಧಿಗೆ ತಲುಪಿಸುವ ಉಪಾಧ್ಯಾಯರ ಕೆಲಸವಾದರೋ ತರಗತಿಯ ನಾಲ್ಕು ಗೋಡೆಗಳ ಒಳಗೆ ನಡೆಯುತ್ತದೆ. ಅದಕ್ಕೆ ಮಕ್ಕಳ ಹೊರತು ಬೇರೆ ಸಾಕ್ಷಿಗಳಿಲ್ಲ. ಆ ಕೆಲಸವನ್ನು ಮನಸ್ಸಿಟ್ಟು ಮಾಡಬಹುದು. ಗಂಟೆ ಬಾರಿಸುವವರೆಗೆ ಹೊತ್ತು ಕಳೆದೂ ಬರಬಹುದು. ಈ ಎರಡರ ನಡುವಿನ ಅಂತರವನ್ನು ಯಾವ ಹಾಜರಿ ಪುಸ್ತಕವೂ ತೋರಿಸಲಾರದು. ಒಂದೇ ಪದವಿ, ಒಂದೇ ಸಂಬಳ, ಒಂದೇ ಪಠ್ಯಪುಸ್ತಕವುಳ್ಳ ಉಪಾಧ್ಯಾಯರು ಒಂದು ಶಾಲೆಯಲ್ಲಿ ಉತ್ಸಾಹದಿಂದಲೂ ಮತ್ತೊಂದರಲ್ಲಿ ಬೇಸರದಿಂದಲೂ ದುಡಿಯುವುದು ಅನೇಕರು ಕಂಡ ಸಂಗತಿಯೇ ಆಗಿದೆ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದುದು ಶಾಲೆಯ ಮುಖ್ಯಸ್ಥರ ನಡೆ.

ಈ ಮಾತಿಗೆ ಸ್ಪಷ್ಟ ದಾಖಲೆಯುಳ್ಳ ಒಂದು ನಿದರ್ಶನ ಇಂಗ್ಲೆಂಡಿನ ವಾರ್ವಿಕ್‌ಷೈರ್ ಪ್ರಾಂತದ ರಗ್ಬಿ ಶಾಲೆಯ ಇತಿಹಾಸದಲ್ಲಿ ದೊರೆಯುತ್ತದೆ. 1828ರಿಂದ 1842ರವರೆಗೆ ಥಾಮಸ್ ಆರ್ನಾಲ್ಡ್ ಅವರು ಆ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರು. ದೇಶ ಬೇರೆ, ಕಾಲ ಬೇರೆ, ಮತ ಬೇರೆ. ಆದರೂ ದಾನದಿಂದ ಹುಟ್ಟಿ, ಧರ್ಮದರ್ಶಿಗಳ ಮಂಡಳಿಯ ಕೈಯಲ್ಲಿ ನಡೆಯುವ ವಿದ್ಯಾಸಂಸ್ಥೆಗಳು ಇಂದು ಎದುರಿಸುವ ಪ್ರಶ್ನೆಗಳೆಲ್ಲ ಅಲ್ಲಿಯೂ ಇದ್ದವು. ಮುಖ್ಯಸ್ಥರಿಗೆ ಎಷ್ಟು ಅಧಿಕಾರವಿರಬೇಕು? ಉಪಾಧ್ಯಾಯರ ಮಾತಿಗೆ ಎಷ್ಟು ಬೆಲೆ ಇರಬೇಕು? ಮುಖ್ಯಸ್ಥರೇ ತಪ್ಪಿದಾಗ ಮಾಡಬೇಕಾದುದೇನು? ಈ ಪ್ರಶ್ನೆಗಳಿಗೆ ಆ ಶಾಲೆಯಲ್ಲಿ ದೊರೆತ ಉತ್ತರಗಳ ಒಂದು ಎಳೆ ಬೆಂಗಳೂರಿನವರೆಗೂ ಬಂದಿದೆ ಎಂಬುದು ಗಮನಾರ್ಹ.

ವರ್ತಕನೊಬ್ಬನ ದಾನ

ರಗ್ಬಿ ಶಾಲೆಯನ್ನು ಸ್ಥಾಪಿಸಿದವನು ರಾಜನಲ್ಲ, ಪಾದ್ರಿಯೂ ಅಲ್ಲ. ಲಾರೆನ್ಸ್ ಶೆರಿಫ್ ಎಂಬ ದಿನಸಿ ವ್ಯಾಪಾರಿ. ರಗ್ಬಿಯಲ್ಲಿ ಹುಟ್ಟಿ, ಲಂಡನ್ನಿಗೆ ಹೋಗಿ, ವ್ಯಾಪಾರದಲ್ಲಿ ಏಳಿಗೆ ಹೊಂದಿದ ಈತ 1567ರಲ್ಲಿ ತನ್ನ ಹುಟ್ಟೂರಿನ ಮತ್ತು ಸುತ್ತಲಿನ ಹಳ್ಳಿಗಳ ಮಕ್ಕಳಿಗಾಗಿ ಶಾಲೆಯೊಂದು ನಡೆಯಲೆಂದು ಆಸ್ತಿಯನ್ನು ಬಿಟ್ಟುಹೋದನು. ಲಂಡನ್ನಿನ ಹೊರವಲಯದಲ್ಲಿದ್ದ ಹುಲ್ಲುಗಾವಲಿನ ಒಂದು ಭಾಗವೂ ಆ ದಾನದಲ್ಲಿ ಸೇರಿತ್ತು. ನಗರ ಬೆಳೆದಂತೆ ಹುಲ್ಲುಗಾವಲು ಬೀದಿಗಳಾಯಿತು, ಬೀದಿಗಳಲ್ಲಿ ಮನೆಗಳೆದ್ದವು, ಬಾಡಿಗೆಯ ಆದಾಯ ಹೆಚ್ಚಿತು. ಸಣ್ಣ ಊರಿನ ಶಾಲೆ ಶ್ರೀಮಂತ ಸಂಸ್ಥೆಯಾಯಿತು. ಅದರ ಆಡಳಿತವನ್ನು ಆ ಪ್ರಾಂತದ ಹನ್ನೆರಡು ಮಂದಿ ಗಣ್ಯರ ಮಂಡಳಿ ನೋಡಿಕೊಳ್ಳುತ್ತಿತ್ತು.

ಹಣವಿದ್ದ ಮಾತ್ರಕ್ಕೆ ಶಾಲೆ ಒಳ್ಳೆಯದಾಗಲಿಲ್ಲ. ಆ ಕಾಲದ ಇಂಗ್ಲೆಂಡಿನ ದೊಡ್ಡ ಶಾಲೆಗಳಲ್ಲಿ ಹುಡುಗರಿಗೂ ಉಪಾಧ್ಯಾಯರಿಗೂ ನಡುವೆ ಇದ್ದದ್ದು ಬಹುಮಟ್ಟಿಗೆ ವೈರದ ಸಂಬಂಧ. 1797ರಲ್ಲಿ ರಗ್ಬಿಯ ಹುಡುಗರು ಅಂದಿನ ಮುಖ್ಯೋಪಾಧ್ಯಾಯರ ಕಠೋರ ಆಡಳಿತದ ವಿರುದ್ಧ ದಂಗೆ ಎದ್ದರು. ಸಿಡಿಮದ್ದಿನಿಂದ ಬಾಗಿಲು ಒಡೆದರು. ಮೇಜು ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟರು. ದಂಗೆಯನ್ನು ಅಡಗಿಸಲು ಸೈನಿಕರೇ ಬರಬೇಕಾಯಿತು. ಅಧಿಕಾರವನ್ನು ಕೇವಲ ಭಯದ ಮೇಲೆ ನಿಲ್ಲಿಸಿದರೆ ಅದು ಎಲ್ಲಿಗೆ ಬಂದು ಮುಟ್ಟುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಸಹೋಪಾಧ್ಯಾಯರ ಸ್ಥಿತಿಯೂ ಶೋಚನೀಯವಾಗಿತ್ತು. ಅವರ ಸಂಬಳ ಅಲ್ಪ. ಆದುದರಿಂದ ಹಲವರು ನೆರೆಯ ಇಗರ್ಜಿಗಳಲ್ಲಿ ಸಹಾಯಕ ಪಾದ್ರಿಗಳಾಗಿಯೂ ದುಡಿಯುತ್ತಿದ್ದರು. ಶಾಲೆ ಅವರಿಗೆ ಜೀವನದ ಕಾರ್ಯವಾಗಿರಲಿಲ್ಲ. ಎರಡು ಕಸುಬುಗಳಲ್ಲಿ ಒಂದಾಗಿತ್ತು. ಪಾಠ ಮುಗಿದ ಮೇಲೆ ಹುಡುಗರು ತಂಗುತ್ತಿದ್ದ ವಸತಿಗೃಹಗಳಲ್ಲಿ ಅನೇಕವು ಹೊರಗಿನವರ ಕೈಯಲ್ಲಿ ಬಾಡಿಗೆಯ ವ್ಯವಹಾರವಾಗಿ ನಡೆಯುತ್ತಿದ್ದವು. ಹೀಗಾಗಿ ಉಪಾಧ್ಯಾಯನು ಹುಡುಗನನ್ನು ತರಗತಿಯಲ್ಲಿ ಕೆಲವು ಗಂಟೆಗಳ ಕಾಲ ಕಾಣುತ್ತಿದ್ದನೇ ಹೊರತು, ಅವನ ಗೆಳೆತನ, ಹವ್ಯಾಸ, ಸಂಕಟ, ಪ್ರಲೋಭನೆಗಳು ಯಾವುವೂ ಅವನಿಗೆ ತಿಳಿಯುತ್ತಿರಲಿಲ್ಲ. ಇಂಥ ಏರ್ಪಾಟಿನಲ್ಲಿ ಉತ್ತಮ ಬೋಧನೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ದೋಷವಿದ್ದದ್ದು ವ್ಯಕ್ತಿಗಳಲ್ಲಿ ಮಾತ್ರವಲ್ಲ, ವ್ಯವಸ್ಥೆಯಲ್ಲಿಯೂ ಹೌದು.

ಅಧಿಕಾರದ ಎಲ್ಲೆ

1795ರಲ್ಲಿ ಜನಿಸಿದ ಆರ್ನಾಲ್ಡ್ ಅವರು ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಮಾಡಿ, ಥೇಮ್ಸ್ ನದಿಯ ದಡದ ಲೇಲ್‌ಹ್ಯಾಮ್ ಎಂಬ ಹಳ್ಳಿಯಲ್ಲಿ ಕೆಲವು ಹುಡುಗರನ್ನು ಮನೆಯಲ್ಲಿಟ್ಟುಕೊಂಡು ಪಾಠ ಹೇಳುತ್ತಿದ್ದರು. 1827ರಲ್ಲಿ ರಗ್ಬಿಯ ಮುಖ್ಯೋಪಾಧ್ಯಾಯರ ಹುದ್ದೆ ತೆರವಾದಾಗ ಅರ್ಜಿ ಹಾಕಿದವರಲ್ಲಿ ಅವರು ಕೊನೆಯವರ ಸಾಲಿನಲ್ಲಿದ್ದರು. ಅವರ ಪರವಾಗಿ ಪತ್ರ ಬರೆದ ಆಕ್ಸ್‌ಫರ್ಡಿನ ವಿದ್ವಾಂಸ ಎಡ್ವರ್ಡ್ ಹಾಕಿನ್ಸ್, ಇವರು ಆಯ್ಕೆಯಾದರೆ ಇಂಗ್ಲೆಂಡಿನ ದೊಡ್ಡ ಶಾಲೆಗಳ ಶಿಕ್ಷಣದ ಸ್ವರೂಪವೇ ಬದಲಾಗುವುದೆಂದು ಭವಿಷ್ಯ ನುಡಿದಿದ್ದರು. ಧರ್ಮದರ್ಶಿಗಳು ಅವರನ್ನೇ ಆರಿಸಿದರು. 1828ರ ಆಗಸ್ಟಿನಲ್ಲಿ ಅವರು ಕಾರ್ಯವನ್ನು ವಹಿಸಿಕೊಂಡರು.

ಧರ್ಮದರ್ಶಿಗಳ ವಿಷಯದಲ್ಲಿ ಆರ್ನಾಲ್ಡ್ ಅವರ ನಿಲುವು ಮೊದಲಿನಿಂದಲೂ ಖಚಿತವಾಗಿತ್ತು. ತಮ್ಮನ್ನು ಹುದ್ದೆಯಿಂದ ತೆಗೆದುಹಾಕುವ ಪೂರ್ಣ ಹಕ್ಕು ಮಂಡಳಿಗೆ ಇದೆ. ಆದರೆ ತಾವು ಹುದ್ದೆಯಲ್ಲಿರುವವರೆಗೆ ಶಾಲೆಯ ಒಳಗಿನ ನಿತ್ಯದ ವಿಷಯಗಳಲ್ಲಿ ಅದು ಕೈ ಹಾಕಬಾರದು. ಹಾಗೆ ಕೈ ಹಾಕಿದಲ್ಲಿ ತಾವು ರಾಜೀನಾಮೆ ಕೊಡುವುದೇ ಸರಿ. ಮೇಲುನೋಟಕ್ಕೆ ಇದು ಅಹಂಕಾರದ ಮಾತಾಗಿ ತೋರಬಹುದು. ಆದರೆ ಇದರಲ್ಲಿ ಒಂದು ಆಳವಾದ ವಿವೇಕವಿದೆ. ಮುಖ್ಯಸ್ಥರ ತಲೆಯ ಮೇಲೆ ಇನ್ನೊಂದು ಕೈ ಸದಾ ಆಡುತ್ತಿದೆಯೆಂದು ಸಹೋಪಾಧ್ಯಾಯರಿಗೆ ತಿಳಿದರೆ ಅವರು ಮುಖ್ಯಸ್ಥರ ಮಾತನ್ನು ಕೇಳುವುದಿಲ್ಲ. ಆ ಕೈಯ ಕೃಪೆಯನ್ನು ಹುಡುಕತೊಡಗುತ್ತಾರೆ. ಪಾಠದ ಬದಲು ಪಕ್ಷಗಳು ಬೆಳೆಯುತ್ತವೆ.

ಈ ನಿಲುವಿನ ಪರೀಕ್ಷೆ 1836ರಲ್ಲಿ ಬಂದಿತು. ಎಡಿನ್‌ಬರೋ ರಿವ್ಯೂ ಪತ್ರಿಕೆಯಲ್ಲಿ ಆಕ್ಸ್‌ಫರ್ಡಿನ ಒಂದು ಧಾರ್ಮಿಕ ಪಂಗಡವನ್ನು ಕಟುವಾಗಿ ಖಂಡಿಸುವ, ಹೆಸರಿಲ್ಲದ ಲೇಖನವೊಂದು ಪ್ರಕಟವಾಯಿತು. ಅದನ್ನು ಬರೆದವರು ಆರ್ನಾಲ್ಡ್ ಎಂದು ಎಲ್ಲೆಡೆ ಮಾತಾಯಿತು. ಧರ್ಮದರ್ಶಿಗಳಲ್ಲೊಬ್ಬರಾದ ಅರ್ಲ್ ಹೋ ಅವರು ಪತ್ರ ಬರೆದು, ಇದು ನಿಜವೇ ಎಂದು ಕೇಳಿದರು. ಶಾಲೆಗೆ ಸಂಬಂಧಿಸದ ವಿಷಯದಲ್ಲಿ ಉತ್ತರ ಕೊಡುವ ಹೊಣೆ ತಮಗಿಲ್ಲವೆಂದು ಆರ್ನಾಲ್ಡ್ ಅವರು ನಿರಾಕರಿಸಿದರು. ಮಂಡಳಿಯ ಸಭೆಯಲ್ಲಿ ಖಂಡನಾ ನಿರ್ಣಯ ಮಂಡಿತವಾಯಿತು. ಹಾಜರಿದ್ದ ಎಂಟು ಮಂದಿಯಲ್ಲಿ ನಾಲ್ವರು ಅದರ ಪರ ನಿಂತರು. ಬಹುಮತ ದೊರೆಯದೆ ನಿರ್ಣಯ ಬಿದ್ದುಹೋಯಿತು. ಲೇಖನವೇನೋ ಅವರದೇ ಆಗಿತ್ತು. ಅದರ ಕಟುತನವನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ. ಆದರೆ ಆ ಮಂಡಳಿ ಒಬ್ಬ ಸಮರ್ಥ ಮುಖ್ಯಸ್ಥರನ್ನು ಶಾಲೆಯ ಹೊರಗಿನ ಕಾರಣಕ್ಕಾಗಿ ಕಳೆದುಕೊಳ್ಳಲಿಲ್ಲ ಎಂಬುದು ಮರೆಯಬಾರದ ಸಂಗತಿ.

ಸಹೋಪಾಧ್ಯಾಯರಿಗೆ ದೊರೆತ ಸ್ಥಾನ

ತಮಗಾಗಿ ಸ್ವಾತಂತ್ರ್ಯವನ್ನು ಕೇಳುವ ಮುಖ್ಯಸ್ಥರು ಅನೇಕರು. ಹಾಗೆ ಪಡೆದ ಸ್ವಾತಂತ್ರ್ಯದಲ್ಲಿ ಒಂದು ಪಾಲನ್ನು ತಮ್ಮ ಕೈಕೆಳಗಿನವರಿಗೆ ಕೊಡುವವರು ವಿರಳ. ಆರ್ನಾಲ್ಡ್ ಅವರ ಹೆಚ್ಚುಗಾರಿಕೆ ಇರುವುದು ಇಲ್ಲಿ.

ಅವರ ಮೊದಲ ಕೆಲಸ ಜೀವನೋಪಾಯಕ್ಕೆ ಸಂಬಂಧಿಸಿದುದು. ಧರ್ಮದರ್ಶಿಗಳನ್ನು ಒಪ್ಪಿಸಿ ಸಹೋಪಾಧ್ಯಾಯರ ಸಂಬಳವನ್ನು ಹೆಚ್ಚಿಸಿದರು. ವಸತಿಗೃಹಗಳು ತೆರವಾದ ಹಾಗೆಲ್ಲ ಅವುಗಳನ್ನು ಹೊರಗಿನವರಿಗೆ ಕೊಡದೆ ಉಪಾಧ್ಯಾಯರ ಕೈಗೆ ಒಪ್ಪಿಸುವ ಪದ್ಧತಿಯನ್ನು ತಂದರು. ಇದರಿಂದ ಉಪಾಧ್ಯಾಯರಿಗೆ ಆದಾಯ ದೊರೆಯಿತು, ಹುಡುಗರಿಗೆ ಪೋಷಕರು ದೊರೆತರು. ಅದರ ಪ್ರತಿಯಾಗಿ ಅವರು ಕೇಳಿದುದು ಒಂದೇ: ಹೊರಗಿನ ಪಾದ್ರಿ ಕೆಲಸಗಳನ್ನು ಬಿಟ್ಟು, ಶಾಲೆಯನ್ನೇ ಪೂರ್ಣಕಾಲದ ವೃತ್ತಿಯಾಗಿ ಸ್ವೀಕರಿಸಬೇಕು. ಮೊದಲು ಕೊಟ್ಟು ಅನಂತರ ಕೇಳಿದ ಈ ಕ್ರಮ ಗಮನಿಸತಕ್ಕದ್ದು. ಹೊಟ್ಟೆಗೆ ಸಾಲದಷ್ಟು ಕೊಟ್ಟು ತ್ಯಾಗದ ಉಪದೇಶ ಮಾಡುವ ಸಂಸ್ಥೆಗಳಲ್ಲಿ ಆ ಉಪದೇಶ ಉಪಾಧ್ಯಾಯರ ಕಿವಿಯನ್ನು ದಾಟಿ ಒಳಗೆ ಇಳಿಯುವುದಿಲ್ಲ.

ಎರಡನೆಯದು ಸಮಾಲೋಚನೆಗೆ ಸಂಬಂಧಿಸಿದುದು. ಸುಮಾರು ಮೂರು ವಾರಗಳಿಗೊಮ್ಮೆ ಎಲ್ಲ ಉಪಾಧ್ಯಾಯರ ಸಭೆ ಸೇರುವ ಪದ್ಧತಿಯನ್ನು ಅವರು ಆರಂಭಿಸಿದರು. ಶಾಲೆಯ ಎಲ್ಲ ವಿಷಯಗಳೂ ಅಲ್ಲಿ ಚರ್ಚೆಗೆ ಬರುತ್ತಿದ್ದವು. ಯಾವ ಉಪಾಧ್ಯಾಯರಾದರೂ ಹೊಸ ಸಲಹೆಯನ್ನು ಮುಂದಿಡಬಹುದಾಗಿತ್ತು. ಮುಖ್ಯೋಪಾಧ್ಯಾಯರ ಅಭಿಪ್ರಾಯಕ್ಕೇ ವಿರೋಧ ಬಂದು, ಬಹುಮತದಲ್ಲಿ ಅವರೇ ಸೋತ ಸಂದರ್ಭಗಳು ವಿರಳವಾಗಿರಲಿಲ್ಲವೆಂದು ಅವರ ಶಿಷ್ಯ ಹಾಗೂ ಚರಿತ್ರಕಾರ ಆರ್ಥರ್ ಸ್ಟ್ಯಾನ್ಲಿ 1844ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಲ್ಲಿ ದಾಖಲಿಸಿದ್ದಾರೆ. ಸ್ವಭಾವತಃ ಉಗ್ರರೂ ತಮ್ಮ ಅಭಿಪ್ರಾಯಗಳಲ್ಲಿ ದೃಢರೂ ಆಗಿದ್ದ ವ್ಯಕ್ತಿಯೊಬ್ಬರು ತಮ್ಮ ಕೈಕೆಳಗಿನವರೆದುರು ಸೋಲನ್ನು ಒಪ್ಪಿಕೊಂಡರೆಂಬುದು ಸಾಮಾನ್ಯ ಸಂಗತಿಯಲ್ಲ. ತಾನು ಆಡಿದ ಮಾತು ನಿರ್ಣಯವಾಗಬಹುದೆಂದು ತಿಳಿದವನು ಯೋಚಿಸಿ ಮಾತನಾಡುತ್ತಾನೆ. ತಾನೂ ಸೇರಿ ಮಾಡಿದ ನಿರ್ಣಯವನ್ನು ಮನಸ್ಸಿಟ್ಟು ನಡೆಸುತ್ತಾನೆ.

ಮೂರನೆಯದು ಆಯ್ಕೆ. ಹೊಸ ಉಪಾಧ್ಯಾಯರನ್ನು ನೇಮಿಸುವಾಗ ಅವರು ಪಾಂಡಿತ್ಯವನ್ನು ಮಾತ್ರ ನೋಡುತ್ತಿರಲಿಲ್ಲ. ಚುರುಕಾದ ಮನಸ್ಸು, ಕೆಲಸದಲ್ಲಿ ಆಸಕ್ತಿ, ಸಾಮಾನ್ಯ ವಿವೇಕ, ಹುಡುಗರ ಸ್ವಭಾವದ ಅರಿವು, ಶುದ್ಧ ನಡತೆ ಇವು ಅವರಿಗೆ ಪದವಿಗಿಂತ ಹೆಚ್ಚಿನವಾಗಿದ್ದವು. ಹೀಗೆ ಆರಿಸಿದ ಮೇಲೆ ಅವರ ತರಗತಿಯ ಸಣ್ಣಪುಟ್ಟ ವಿಷಯಗಳಲ್ಲಿ ಮೂಗು ತೂರಿಸುತ್ತಿರಲಿಲ್ಲ. ಆರಿಸುವಾಗ ಎಚ್ಚರ, ಆರಿಸಿದ ಮೇಲೆ ನಂಬಿಕೆ ಎಂಬುದು ಅವರ ಕ್ರಮ. ಆರಿಸುವಾಗ ಅಜಾಗ್ರತೆ, ಅನಂತರ ನಿತ್ಯ ಸಂಶಯ ಎಂಬ ಕ್ರಮಕ್ಕೆ ಇದು ನೇರ ವಿರುದ್ಧವಾದುದು.

ನಾಲ್ಕನೆಯದು ಸ್ವಂತ ನಿದರ್ಶನ. ಮುಖ್ಯೋಪಾಧ್ಯಾಯರಾದ ಮೇಲೂ ಆರ್ನಾಲ್ಡ್ ಅವರು ಅತ್ಯುನ್ನತ ತರಗತಿಯ ಪಾಠವನ್ನು ತಾವೇ ಮಾಡುತ್ತಿದ್ದರು. ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್‌ನ ಗ್ರಂಥವನ್ನು ಸಂಪಾದಿಸಿದರು. ನೀಬೂರ್ ಎಂಬ ಜರ್ಮನ್ ವಿದ್ವಾಂಸನ ರೋಮ್ ಇತಿಹಾಸವನ್ನು ಮೂಲದಲ್ಲಿ ಓದಲೆಂದು ಜರ್ಮನ್ ಭಾಷೆಯನ್ನು ಕಲಿತು, ಮುಂದೆ ತಾವೇ ರೋಮ್ ಇತಿಹಾಸವನ್ನು ಬರೆದರು. ಕಲಿಯುವುದನ್ನು ನಿಲ್ಲಿಸಿದವನು ಕಲಿಸಲು ಅರ್ಹನಲ್ಲವೆಂಬುದು ಅವರ ನಂಬಿಕೆ. ಆ ನಂಬಿಕೆಯನ್ನು ಅವರು ಸುತ್ತೋಲೆಯಲ್ಲಿ ಬರೆದು ಕಳುಹಿಸಲಿಲ್ಲ. ತಮ್ಮ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ನಡೆಸಿ ತೋರಿಸಿದರು.

ತಪ್ಪು ಮತ್ತು ತಪ್ಪೊಪ್ಪಿಗೆ

ಆರ್ನಾಲ್ಡ್ ಅವರನ್ನು ದೋಷರಹಿತರೆಂದು ಚಿತ್ರಿಸುವುದು ಇತಿಹಾಸಕ್ಕೆ ಮಾಡುವ ಅಪಚಾರ. ಶಿಷ್ಯರು ಬರೆದ ಚರಿತ್ರೆಗಳಲ್ಲಿ ಭಕ್ತಿ ಹೆಚ್ಚಾಗಿದ್ದರೆ, 1918ರಲ್ಲಿ ಲಿಟನ್ ಸ್ಟ್ರೇಚಿ ಬರೆದ ವಿಡಂಬನೆಯಲ್ಲಿ ಕೊಂಕು ಹೆಚ್ಚಾಗಿದೆ. ಎರಡನ್ನೂ ಬದಿಗಿಟ್ಟು ನೋಡಿದರೂ ಕೆಲವು ತಪ್ಪುಗಳು ಉಳಿಯುತ್ತವೆ.

ಅವುಗಳಲ್ಲಿ ಅತ್ಯಂತ ನೋವಿನದು 1830ರ ದಶಕದ ಆರಂಭದಲ್ಲಿ ನಡೆದ ಒಂದು ಘಟನೆ. ಒಬ್ಬ ಹುಡುಗನು ಪಾಠ ಒಪ್ಪಿಸುವಾಗ, ತರಗತಿಯಲ್ಲಿ ಆ ಭಾಗವನ್ನು ಮಾಡಿಯೇ ಇಲ್ಲವೆಂದು ಹೇಳಿದನು. ಮಾಡಲಾಗಿದೆಯೆಂದು ಅವನ ಉಪಾಧ್ಯಾಯರು ತಿಳಿಸಿದರು. ಸುಳ್ಳನ್ನು ಎಲ್ಲ ಪಾಪಗಳಿಗಿಂತ ಹೆಚ್ಚಾಗಿ ದ್ವೇಷಿಸುತ್ತಿದ್ದ ಆರ್ನಾಲ್ಡ್ ಅವರು ಕೋಪಾವಿಷ್ಟರಾಗಿ ಹುಡುಗನನ್ನು ಸುಳ್ಳುಗಾರನೆಂದು ಜರೆದರು. ಅವನು ಮತ್ತೆ ಮತ್ತೆ ನಿರಾಕರಿಸಿದರೂ ಹದಿನೆಂಟು ಏಟು ಹೊಡೆದರು. ಹುಡುಗನು ದೇಹದಲ್ಲಿ ದುರ್ಬಲನಾಗಿದ್ದವನು. ಅನಂತರ ವಿಚಾರಿಸಿದಾಗ ಅವನು ಹೇಳಿದುದೇ ಸತ್ಯವೆಂದು ತಿಳಿದುಬಂದಿತು. ಪತ್ರಿಕೆಗಳಲ್ಲಿ ಟೀಕೆಯ ಮಳೆ ಸುರಿಯಿತು. ಆರ್ನಾಲ್ಡ್ ಅವರು ಇಡೀ ಶಾಲೆಯ ಎದುರಿನಲ್ಲಿ ಆ ಹುಡುಗನ ಕ್ಷಮೆಯನ್ನು ಯಾಚಿಸಿದರು.

ಇಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ತೂಗಬೇಕು. ಸತ್ಯದ ಹೆಸರಿನಲ್ಲಿ ನಡೆದರೂ ಹಿಂಸೆ ಹಿಂಸೆಯೇ. ಕ್ಷಮಾಯಾಚನೆ ಆ ಏಟುಗಳನ್ನು ಹಿಂದಕ್ಕೆ ಪಡೆಯಲಾರದು. ಭಾರತದಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆಯು ಮಕ್ಕಳಿಗೆ ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದುದು ಇಂಥ ಅನುಭವಗಳ ಹಿನ್ನೆಲೆಯಲ್ಲಿ ಅರ್ಥಪೂರ್ಣವಾಗಿ ಕಾಣುತ್ತದೆ. ಇನ್ನೊಂದು ಸಂಗತಿಯೆಂದರೆ, ತಪ್ಪಿನ ಹೊಣೆಯನ್ನು ಅವರು ತಮಗೆ ತಪ್ಪು ಮಾಹಿತಿ ಕೊಟ್ಟ ಸಹೋಪಾಧ್ಯಾಯರ ಮೇಲೆ ಹೊರಿಸಿ ತಪ್ಪಿಸಿಕೊಳ್ಳಬಹುದಾಗಿತ್ತು. ಏಟು ಕೊಟ್ಟವರೇ ಕ್ಷಮೆ ಕೇಳಿದರು. ಕೈಕೆಳಗಿನವರ ತಪ್ಪನ್ನು ತನ್ನ ತಲೆಯ ಮೇಲೆ ಹೊರುವ ಮುಖ್ಯಸ್ಥರೆದುರು ಯಾರೂ ತಪ್ಪನ್ನು ಮುಚ್ಚಿಡಬೇಕಾಗಿಲ್ಲ. ತಪ್ಪನ್ನು ಮುಚ್ಚಿಡದ ಕಡೆ ಅದನ್ನು ತಿದ್ದುವುದು ಸಾಧ್ಯ.

ಇನ್ನೊಂದು ದೋಷ ದಾನಿಯ ಸಂಕಲ್ಪಕ್ಕೆ ಸಂಬಂಧಿಸಿದುದು. ಶೆರಿಫ್ ಆಸ್ತಿ ಬಿಟ್ಟದ್ದು ತನ್ನೂರಿನ ಮಕ್ಕಳಿಗಾಗಿ. ಆರ್ನಾಲ್ಡ್ ಅವರು ಚಿಕ್ಕ ಮಕ್ಕಳ ತರಗತಿಗಳನ್ನು ಕ್ಷೀಣಿಸಲು ಬಿಟ್ಟುದರಿಂದ, ಬೇರೆಡೆ ಹಣ ತೆತ್ತು ಮೊದಲ ಪಾಠ ಕಲಿಯಲಾರದ ಸ್ಥಳೀಯ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿದಂತಾಯಿತು. ಊರಿನವರು ನ್ಯಾಯಾಲಯಕ್ಕೆ ಹೋದರು. 1839ರಲ್ಲಿ ತೀರ್ಪು ಶಾಲೆಗೆ ಪ್ರತಿಕೂಲವಾಗಿ ಬಂದಿತು. ಸಂಸ್ಥೆ ದೊಡ್ಡದಾಗುತ್ತ ಹೋದಂತೆ ಅದು ಯಾರಿಗಾಗಿ ಹುಟ್ಟಿತೋ ಅವರನ್ನೇ ಹೊರಗಿಡುವ ಅಪಾಯ ಎಲ್ಲ ದಾನಸಂಸ್ಥೆಗಳಿಗೂ ಇದೆ. ಈ ಒಂದು ವಿಷಯದಲ್ಲಿ ಮುಖ್ಯಸ್ಥರನ್ನು ತಡೆದು ಕೇಳುವುದು ಧರ್ಮದರ್ಶಿಗಳ ಕರ್ತವ್ಯವೇ ಆಗಿತ್ತು. ನಿತ್ಯದ ಪಾಠದಲ್ಲಿ ಕೈ ಹಾಕದಿರುವುದು ಬೇರೆ. ದಾನದ ಉದ್ದೇಶವನ್ನು ಕಾಯುವುದು ಬೇರೆ.

ಶಿಷ್ಯಪರಂಪರೆ

1842ರ ಜೂನ್ 12ರಂದು, ನಲವತ್ತೇಳನೆಯ ಹುಟ್ಟುಹಬ್ಬದ ಹಿಂದಿನ ದಿನ, ಆರ್ನಾಲ್ಡ್ ಅವರು ಹೃದಯಬೇನೆಯಿಂದ ಹಠಾತ್ತಾಗಿ ತೀರಿಕೊಂಡರು. ಒಬ್ಬ ಮುಖ್ಯಸ್ಥರ ಕೆಲಸದ ನಿಜವಾದ ಅಳತೆ ಅವರು ಇಲ್ಲವಾದ ಮೇಲೆ ದೊರೆಯುತ್ತದೆ. ಅವರ ಕೈಕೆಳಗೆ ದುಡಿದ ಸಹೋಪಾಧ್ಯಾಯರು ಬೇರೆ ಶಾಲೆಗಳನ್ನು ಕಟ್ಟುವವರಾದರು. 1830ರಲ್ಲಿ ರಗ್ಬಿ ಸೇರಿದ ಜೇಮ್ಸ್ ಪ್ರಿನ್ಸ್ ಲೀ 1838ರಲ್ಲಿ ಬರ್ಮಿಂಗ್‌ಹ್ಯಾಮಿನ ಕಿಂಗ್ ಎಡ್ವರ್ಡ್ ಶಾಲೆಯ ಮುಖ್ಯೋಪಾಧ್ಯಾಯರಾಗಿ ಹೆಸರು ಗಳಿಸಿದರು. ಅದೇ ಕಾಲದಲ್ಲಿ ಬಂದ ಬೊನಾಮಿ ಪ್ರೈಸ್ ಮುಂದೆ ಆಕ್ಸ್‌ಫರ್ಡಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಇವರೆಲ್ಲರಿಗಿಂತ ಈ ಪ್ರಬಂಧದ ವಿಷಯಕ್ಕೆ ಹತ್ತಿರವಾದವರು ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್.

1813ರಲ್ಲಿ ಜನಿಸಿದ ಕಾಟನ್ ಅವರನ್ನು ಆರ್ನಾಲ್ಡ್ ಅವರೇ 1837ರಲ್ಲಿ ಸಹೋಪಾಧ್ಯಾಯರಾಗಿ ನೇಮಿಸಿದರು. ರಗ್ಬಿಯ ಹಳೆಯ ವಿದ್ಯಾರ್ಥಿ ಥಾಮಸ್ ಹ್ಯೂಸ್ 1857ರಲ್ಲಿ ಪ್ರಕಟಿಸಿದ ಟಾಮ್ ಬ್ರೌನನ ಶಾಲಾ ದಿನಗಳ ಕಾದಂಬರಿಯಲ್ಲಿ ಬರುವ ತರುಣ ಉಪಾಧ್ಯಾಯರ ಪಾತ್ರಕ್ಕೆ ಮೂಲ ಇವರೇ ಎಂದು ಗುರುತಿಸಲಾಗಿದೆ. ಹದಿನೈದು ವರ್ಷ ಅಲ್ಲಿ ದುಡಿದ ಮೇಲೆ 1852ರಲ್ಲಿ ಅವರು ಮಾರ್ಲ್‌ಬರೋ ಕಾಲೇಜಿನ ಮುಖ್ಯಸ್ಥರಾದರು.

ಮಾರ್ಲ್‌ಬರೋ 1843ರಲ್ಲಿ ಪಾದ್ರಿಗಳ ಮಕ್ಕಳಿಗೆ ಕಡಿಮೆ ಶುಲ್ಕದಲ್ಲಿ ಶಿಕ್ಷಣ ಕೊಡಲು ಆರಂಭವಾದ ಶಾಲೆ. ಕೆಲವೇ ವರ್ಷಗಳಲ್ಲಿ ಹುಡುಗರ ಸಂಖ್ಯೆ 500ರ ಸಮೀಪಕ್ಕೆ ಬಂದಿತು. ಉಪಾಧ್ಯಾಯರು ಸಾಲದೆ, ಜಾಗ ಸಾಲದೆ, ಹಣ ಸಾಲದೆ ಶಾಲೆ ಕುಸಿಯತೊಡಗಿತು. 1851ರ ನವೆಂಬರಿನಲ್ಲಿ ಹುಡುಗರು ದಂಗೆ ಎದ್ದರು. ಪಟಾಕಿ ಸಿಡಿಸಿ, ಕಿಟಕಿಗಳನ್ನು ಒಡೆದು ಶಾಲೆಯನ್ನೇ ಅಲ್ಲೋಲಕಲ್ಲೋಲ ಮಾಡಿದರು. ಅಂದಿನ ಮುಖ್ಯಸ್ಥರು ಹುದ್ದೆಯನ್ನು ಬಿಟ್ಟರು. ಅಂಥ ಸ್ಥಿತಿಯಲ್ಲಿ ಬಂದ ಕಾಟನ್ ಅವರಿಗೆ ಆಡಳಿತ ಮಂಡಳಿ ಒಂದು ಸಲಹೆ ಕೊಟ್ಟಿತು: ಹುಡುಗರನ್ನು ಉಪಾಧ್ಯಾಯರ ಕಾವಲಿಲ್ಲದೆ ಹೊರಗೆ ಬಿಡಬಾರದು. ಕಾಟನ್ ಅವರು ಇದಕ್ಕೆ ಒಪ್ಪಲಿಲ್ಲ. ಉಪಾಧ್ಯಾಯರು ಕಾವಲುಗಾರರಾದರೆ ಅವರು ಉಪಾಧ್ಯಾಯರಾಗಿ ಉಳಿಯುವುದಿಲ್ಲ ಎಂಬುದು ಈ ನಿರಾಕರಣೆಯ ಹಿಂದಿನ ವಿವೇಕ. ಹಿರಿಯ ವಿದ್ಯಾರ್ಥಿಗಳಿಗೆ ಹೊಣೆ ಹೊರಿಸಿ, ಶಾಲೆ ತನ್ನನ್ನು ತಾನೇ ಆಳಿಕೊಳ್ಳುವಂತೆ ಮಾಡುವುದಾಗಿ ಅವರು ತಿಳಿಸಿದರು.

ಆದರೆ ಕಾಟನ್ ಅವರ ಬಳಿ ಆರ್ನಾಲ್ಡ್ ಅವರಿಗಿದ್ದ ಅನುಕೂಲವಿರಲಿಲ್ಲ. ರಗ್ಬಿಯಲ್ಲಿ ಸಂಬಳ ಹೆಚ್ಚಿಸಲು ಆದಾಯವಿತ್ತು, ಮಾರ್ಲ್‌ಬರೋದಲ್ಲಿ ಸಾಲವಿತ್ತು. ಹಾಗಿದ್ದರೂ ಪ್ರತಿಭಾವಂತರಾದ ತರುಣರು, ಅವರಲ್ಲಿ ಹಲವರು ರಗ್ಬಿಯ ಸಂಪರ್ಕವುಳ್ಳವರು, ಅಲ್ಪ ಸಂಬಳಕ್ಕೆ ಅಲ್ಲಿ ಬಂದು ನಿಂತರು. ಶಾಲೆಯ ನಿಜಸ್ಥಿತಿಯನ್ನು ಕಾಟನ್ ಅವರು ಅವರಿಂದ ಮುಚ್ಚಿಡಲಿಲ್ಲ. ತಮ್ಮ ಜೊತೆ ಕಷ್ಟವನ್ನು ಹಂಚಿಕೊಳ್ಳುವಂತೆ ಕೇಳಿದರು, ವ್ಯರ್ಥ ಖರ್ಚುಗಳನ್ನು ಕಡಿತಗೊಳಿಸಿದರು. ಆಟೋಟಗಳನ್ನು ಕ್ರಮಬದ್ಧಗೊಳಿಸಿ ಹುಡುಗರ ಶಕ್ತಿಗೆ ದಾರಿ ಮಾಡಿಕೊಟ್ಟರು. ಆರು ವರ್ಷಗಳಲ್ಲಿ ಶಾಲೆ ಚೇತರಿಸಿಕೊಂಡಿತು. ಅನಂತರ ಮುಖ್ಯಸ್ಥರಾದ ಜಾರ್ಜ್ ಬ್ರಾಡ್ಲಿಯೂ ಆರ್ನಾಲ್ಡ್ ಅವರ ವಿದ್ಯಾರ್ಥಿ, ರಗ್ಬಿಯಲ್ಲಿ ಸಹೋಪಾಧ್ಯಾಯರಾಗಿದ್ದವರು. ಬಡ ಸಂಸ್ಥೆಗಳಿಗೆ ಈ ಅಧ್ಯಾಯದಲ್ಲಿ ಹೆಚ್ಚಿನ ಪಾಠವಿದೆ. ಸಂಬಳ ಕಡಿಮೆಯಿರುವುದು ಒಂದು ಕಷ್ಟ. ಆ ಕಷ್ಟವನ್ನು ಮೇಲಿನವರು ಹಂಚಿಕೊಳ್ಳದಿರುವುದು ಅವಮಾನ. ಮೊದಲನೆಯದನ್ನು ಉಪಾಧ್ಯಾಯರು ಸ್ವಲ್ಪ ಕಾಲ ಸಹಿಸಬಲ್ಲರು, ಎರಡನೆಯದನ್ನು ಸಹಿಸಲಾರರು.

ಬೆಂಗಳೂರಿಗೆ ಬಂದ ಎಳೆ

1858ರಲ್ಲಿ ಕಾಟನ್ ಅವರು ಕಲ್ಕತ್ತೆಯ ಬಿಷಪ್ ಆಗಿ ಭಾರತಕ್ಕೆ ಬಂದರು. ಇಲ್ಲಿ ನೆಲೆಸಿದ್ದ ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಕುಟುಂಬಗಳ ಮಕ್ಕಳಿಗಾಗಿ ತಂಪು ಹವೆಯ ಊರುಗಳಲ್ಲಿ ಶಾಲೆಗಳನ್ನು ತೆರೆಯುವ ಯೋಜನೆಯನ್ನು ಅವರು ಕೈಗೊಂಡರು. 1859ರಲ್ಲಿ ಸಿಮ್ಲಾದಲ್ಲಿ ಅವರ ಶಾಲೆ ಹುಟ್ಟಿತು. 1865ರಲ್ಲಿ ಬೆಂಗಳೂರು ದಂಡಿನ ಪ್ರದೇಶದಲ್ಲಿ ಸೇಂಟ್ ಮಾರ್ಕ್ಸ್ ಇಗರ್ಜಿಯ ಪಾದ್ರಿ ಸ್ಯಾಮ್ಯುಯೆಲ್ ಪೆಟಿಗ್ರೂ ಅವರ ಪ್ರಯತ್ನದಿಂದ ಆರಂಭವಾದ ಶಾಲೆ ಕಾಟನ್ ಅವರ ಹೆಸರನ್ನೇ ಹೊತ್ತಿದೆ. ಅಂದು ಆ ಶಾಲೆಗಳು ಭಾರತೀಯ ಮಕ್ಕಳಿಗಾಗಿ ಹುಟ್ಟಿದವಲ್ಲ ಎಂಬುದನ್ನೂ ಹೇಳಲೇಬೇಕು. 1866ರ ಅಕ್ಟೋಬರ್ 6ರಂದು ಬಂಗಾಳದ ಕುಷ್ಟಿಯಾದಲ್ಲಿ ಹಲಗೆಯ ಮೇಲೆ ನಡೆದು ದೋಣಿಯನ್ನು ಏರುವಾಗ ಕಾಲು ಜಾರಿ ಕಾಟನ್ ಅವರು ನದಿಯ ಪಾಲಾದರು.

ಬೆಂಗಳೂರಿನ ಆ ಶಾಲೆಗೆ 1871ರಿಂದ 1882ರವರೆಗೆ ಮುಖ್ಯಸ್ಥರಾಗಿದ್ದವರು ಜಿ. ಯು. ಪೋಪ್. ಅವರು ಅದಕ್ಕೆ ಮೊದಲು ಉದಕಮಂಡಲದಲ್ಲಿ ಶಾಲೆ ನಡೆಸಿದವರು; ಶಿಸ್ತಿನ ವಿಷಯದಲ್ಲಿ ಕಠಿಣರೆಂದು ಹೆಸರಾದವರು. ಆ ಕಾಠಿಣ್ಯವನ್ನು ಇಂದು ಯಾರೂ ಅನುಕರಿಸಬೇಕಾಗಿಲ್ಲ. ಆದರೆ ಇನ್ನೊಂದು ಗುಣದಲ್ಲಿ ಅವರು ಆರ್ನಾಲ್ಡ್ ಅವರ ಮಾರ್ಗಕ್ಕೆ ಹತ್ತಿರದವರು. ಅವರು ಕಲಿಯುವುದನ್ನು ಎಂದೂ ನಿಲ್ಲಿಸಲಿಲ್ಲ. ಇಂಗ್ಲೆಂಡಿಗೆ ಮರಳಿದ ಮೇಲೆ 1886ರ ತಿರುಕ್ಕುರಳ್ ಅನುವಾದದ ಬೆನ್ನಿಗೇ, ಪರಂಪರೆಯು ಜೈನ ಮುನಿಗಳ ರಚನೆಯೆಂದು ಹೇಳುವ ತಮಿಳು ನೀತಿಗ್ರಂಥ ನಾಲಡಿಯಾರನ್ನು 1893ರಲ್ಲಿ ಇಂಗ್ಲಿಷಿಗೆ ತಂದರು. ಆಗ ಅವರ ವಯಸ್ಸು ಎಪ್ಪತ್ತನ್ನು ದಾಟಿತ್ತು.

ಸಂಶೋಧನೆ ಹೇಳುವುದು

ಇತಿಹಾಸ ತೋರಿಸಿದ ಈ ಸಂಗತಿಯನ್ನು ಇಪ್ಪತ್ತನೆಯ ಶತಮಾನದ ವಿದ್ವಾಂಸರು ಬೇರೆ ರೀತಿಯಲ್ಲಿ ಪರೀಕ್ಷಿಸಿದರು. ಕರ್ಟ್ ಲೆವಿನ್ ಮತ್ತು ಅವರ ಸಂಗಡಿಗರು ಅಮೆರಿಕದಲ್ಲಿ ಹತ್ತು ಹನ್ನೊಂದು ವರ್ಷದ ಹುಡುಗರ ಗುಂಪುಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶಗಳು 1939ರಲ್ಲಿ ಪ್ರಕಟವಾದವು. ಎಲ್ಲವನ್ನೂ ತಾನೇ ಆಜ್ಞಾಪಿಸುವ ನಾಯಕನ ಗುಂಪಿನಲ್ಲಿ, ನಾಯಕನು ಕೋಣೆಯಿಂದ ಹೊರಗೆ ಹೋದೊಡನೆ ಕೆಲಸ ಕುಂದುತ್ತಿತ್ತು. ಎಲ್ಲರನ್ನೂ ಸಮಾಲೋಚಿಸಿ ನಡೆಸುವ ನಾಯಕನ ಗುಂಪಿನಲ್ಲಿ, ಅವನು ಇಲ್ಲದಾಗಲೂ ಕೆಲಸ ಸಾಗುತ್ತಿತ್ತು. ಯಾವ ಹೊಣೆಯನ್ನೂ ಹೊರದೆ ಎಲ್ಲವನ್ನೂ ಗುಂಪಿಗೇ ಬಿಟ್ಟವನ ಬಳಿ ಕೆಲಸ ಹೆಚ್ಚು ನಡೆಯಲೇ ಇಲ್ಲ. ಉಪಾಧ್ಯಾಯರ ಕೆಲಸವೂ ಮುಖ್ಯಸ್ಥರ ಕಣ್ಣಿಗೆ ಬೀಳದ ಕಡೆ ನಡೆಯುವಂಥದು. ಆದುದರಿಂದ ಈ ಫಲಿತಾಂಶ ಶಾಲೆಗಳ ವಿಷಯದಲ್ಲಿ ವಿಶೇಷವಾಗಿ ಯೋಚಿಸತಕ್ಕದ್ದು.

1960ರ ದಶಕದ ಆರಂಭದಲ್ಲಿ ಆಂಡ್ರ್ಯೂ ಹ್ಯಾಲ್ಪಿನ್ ಮತ್ತು ಡಾನ್ ಕ್ರಾಫ್ಟ್ ಅಮೆರಿಕದ 71 ಪ್ರಾಥಮಿಕ ಶಾಲೆಗಳ ವಾತಾವರಣವನ್ನು ಅಭ್ಯಸಿಸಿದರು. ಮುಖ್ಯಸ್ಥರು ಅಂತರ ಕಾಯುತ್ತಾರೆಯೇ, ಬಿಗಿ ಮೇಲ್ವಿಚಾರಣೆ ನಡೆಸುತ್ತಾರೆಯೇ, ಉಪಾಧ್ಯಾಯರನ್ನು ಮನುಷ್ಯರಾಗಿ ಕಾಣುತ್ತಾರೆಯೇ, ಸ್ವಂತ ದುಡಿಮೆಯಿಂದ ಮೇಲ್ಪಂಕ್ತಿ ಹಾಕುತ್ತಾರೆಯೇ ಎಂಬ ಪ್ರಶ್ನೆಗಳನ್ನು ಅವರು ಕೇಳಿದರು. ಉಪಾಧ್ಯಾಯರ ಪಾಲಿಗೆ ಬೇಡದ ಕಾಗದಪತ್ರಗಳ ಹೊರೆಯೂ ಒಂದು ಅಳತೆಯಾಗಿತ್ತು. ಅವರು ತೆರೆದ ವಾತಾವರಣವೆಂದು ಕರೆದ ಶಾಲೆಗಳಲ್ಲಿ ಮುಖ್ಯಸ್ಥರು ತಾವು ಮಾಡಲು ಸಿದ್ಧರಿಲ್ಲದುದನ್ನು ಇತರರಿಂದ ಕೇಳುವವರಲ್ಲ. ಉಪಾಧ್ಯಾಯರ ಉತ್ಸಾಹವೂ ಅಲ್ಲಿಯೇ ಹೆಚ್ಚು. ಭಾರತದಲ್ಲಿ 1966ರಲ್ಲಿ ವರದಿ ಒಪ್ಪಿಸಿದ ಕೊಠಾರಿ ಆಯೋಗವು ಶಿಕ್ಷಣದ ಗುಣಮಟ್ಟವನ್ನು ನಿರ್ಧರಿಸುವ ಅಂಶಗಳಲ್ಲಿ ಉಪಾಧ್ಯಾಯರ ಗುಣ, ಸಾಮರ್ಥ್ಯ, ಶೀಲಗಳಿಗೆ ಅಗ್ರಸ್ಥಾನ ಕೊಟ್ಟಿತು. ಆ ಗುಣ ಅರಳುವುದೂ ಬಾಡುವುದೂ ಬಹುಮಟ್ಟಿಗೆ ಮುಖ್ಯಸ್ಥರ ನೆರಳಿನಲ್ಲಿ.

ಉಪಸಂಹಾರ

ಹೀಗೆ ರಗ್ಬಿಯಿಂದ ಮಾರ್ಲ್‌ಬರೋದವರೆಗಿನ ಇತಿಹಾಸವನ್ನು ನೋಡಿದಾಗ ಒಂದು ಮಾತು ದೃಢವಾಗುತ್ತದೆ. ಮುಖ್ಯಸ್ಥರು ಪ್ರತಿಯೊಬ್ಬ ವಿದ್ಯಾರ್ಥಿಗೂ ನೇರವಾಗಿ ಕಲಿಸಲಾರರು. ಅವರ ಪ್ರಭಾವ ವಿದ್ಯಾರ್ಥಿಯನ್ನು ಮುಟ್ಟುವುದು ಉಪಾಧ್ಯಾಯರ ಮೂಲಕ. ಆ ಉಪಾಧ್ಯಾಯರನ್ನು ಸಂಶಯದಿಂದ ಕಂಡರೆ ವಿದ್ಯಾರ್ಥಿಗೆ ತಲುಪುವುದು ಸಂಶಯವೇ. ಗೌರವದಿಂದ ಕಂಡರೆ ಗೌರವವೇ ತಲುಪುತ್ತದೆ.

ವಿದ್ಯಾದಾನಕ್ಕೆಂದು ಆಸ್ತಿ ಹೊಂದಿರುವ ಸಂಸ್ಥೆಗಳ ಧರ್ಮದರ್ಶಿಗಳು ಹೊಸ ಕಟ್ಟಡದ ನಕ್ಷೆಯನ್ನು ಪರಿಶೀಲಿಸುವಷ್ಟೇ ಶ್ರದ್ಧೆಯಿಂದ ಕೆಲವು ಸಂಗತಿಗಳನ್ನು ಪರಿಶೀಲಿಸುವುದು ಉಚಿತ. ಶಾಲೆಯ ಉಪಾಧ್ಯಾಯರಿಗೆ ಇನ್ನೊಂದು ಕಸುಬನ್ನು ಹುಡುಕದೆ ಬದುಕುವಷ್ಟು ಸಂಬಳ ದೊರೆಯುತ್ತಿದೆಯೇ? ಉಪಾಧ್ಯಾಯರ ಸಭೆಯಲ್ಲಿ ಮುಖ್ಯಸ್ಥರ ಮಾತಿಗೆ ವಿರುದ್ಧವಾದ ಮಾತು ಕಳೆದ ವರ್ಷ ಒಮ್ಮೆಯಾದರೂ ಕೇಳಿಬಂದಿದೆಯೇ? ಮುಖ್ಯಸ್ಥರು ವಾರಕ್ಕೆ ಕೆಲವು ಪಾಠಗಳನ್ನಾದರೂ ತಾವೇ ಮಾಡುತ್ತಿದ್ದಾರೆಯೇ? ಮಂಡಳಿಯ ಸದಸ್ಯರು ಮುಖ್ಯಸ್ಥರನ್ನು ದಾಟಿ ಉಪಾಧ್ಯಾಯರಿಗೆ ನೇರ ಆಜ್ಞೆಗಳನ್ನು ಕೊಡುತ್ತಿಲ್ಲವಷ್ಟೆ? ದಾನಿಗಳು ಯಾವ ಮಕ್ಕಳಿಗಾಗಿ ಕೊಟ್ಟರೋ ಆ ಮಕ್ಕಳು ಇಂದೂ ಶಾಲೆಯ ಒಳಗಿದ್ದಾರೆಯೇ?

ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲು ಹೆಚ್ಚಿನ ಹಣ ಬೇಕಿಲ್ಲ, ಪ್ರಾಮಾಣಿಕತೆ ಬೇಕು. ದಿನಸಿ ಅಂಗಡಿಯಲ್ಲಿ ದುಡಿದ ವರ್ತಕನೊಬ್ಬನ ಗಳಿಕೆ ಶತಮಾನಗಳನ್ನು ದಾಟಿ ಉಪಯುಕ್ತವಾಗಿ ಉಳಿದುದು ಲಂಡನ್ನಿನ ಬಾಡಿಗೆಯಿಂದ ಮಾತ್ರವಲ್ಲ. ಒಂದು ಕಾಲಘಟ್ಟದಲ್ಲಿ ಅದರ ಉಸ್ತುವಾರಿ ಹೊತ್ತ ಮುಖ್ಯೋಪಾಧ್ಯಾಯರೊಬ್ಬರು ತಮ್ಮ ಸಹೋಪಾಧ್ಯಾಯರನ್ನು ಆಳುಗಳೆಂದು ಎಣಿಸದೆ ಸಹಭಾಗಿಗಳೆಂದು ಎಣಿಸಿದುದೂ ಅದಕ್ಕೆ ಕಾರಣ.